ರೈಸ್ ಸಾಹೇಬರ ಮನೆತನ ಮತ್ತು ನಮ್ಮ ದುರ್ಗದ ಸೀಮೆಯ ಕಲ್ಲುಗಳು

ಭರಮಸಾಗರದ ಕೆರೆ ನೋಡಿದವರಿಗೆ ಬಿಚ್ಚುಗತ್ತಿ ಭರಮಣ್ಣನಾಯಕನ ಪರಿಚಯ ಬೇರೆ ಹೇಳಬೇಕಿಲ್ಲ. ಕೆರೆ ಕಟ್ಟಿಸಿದವನ ಹೆಸರು ಊರಿಗೇ ಉಳಿದುಕೊಂಡಿತು. ಆದರೆ ಈ ಸೀಮೆಯ ಕಲ್ಲುಗಳ ಮೇಲಿದ್ದ ನೂರಾರು ಹೆಸರುಗಳನ್ನು ಕಾಗದಕ್ಕಿಳಿಸಿ ಉಳಿಸಿದವರನ್ನು ಎಷ್ಟು ಜನ ನೆನೆಯುತ್ತೇವೆ? ಅವರು ಬೆಂಜಮಿನ್ ಲೂಯಿಸ್ ರೈಸ್.

ರೈಸ್ ಹುಟ್ಟಿದ್ದು 1837ರಲ್ಲಿ, ಬೆಂಗಳೂರಿನಲ್ಲೇ. ತಂದೆ ಬೆಂಜಮಿನ್ ರೈಸ್ ಲಂಡನ್ ಮಿಷನ್ನಿನ ಪಾದ್ರಿ, ಕನ್ನಡ ಬಲ್ಲವರು. ಬೆಂಗಳೂರಿನ ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ಚರ್ಚು ಇರುವುದು ಅವರ ಹೆಸರಿನಲ್ಲಿ. ತಮ್ಮ ಇ.ಪಿ. ರೈಸ್ ಕನ್ನಡ ಸಾಹಿತ್ಯ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದವರು. ಹೆಂಡತಿ ಮೇರಿ ಸೋಫಿಯಾ, ಜಾನ್ ಗ್ಯಾರೆಟ್ ಅವರ ಮಗಳು. ಆ ಗ್ಯಾರೆಟ್ 1849ರಲ್ಲಿ ಭಗವದ್ಗೀತೆಯನ್ನು ಸಂಸ್ಕೃತ, ಕನ್ನಡ, ಇಂಗ್ಲಿಷ್ ಮೂರರಲ್ಲೂ ಬೆಂಗಳೂರಿನಲ್ಲಿ ಅಚ್ಚು ಹಾಕಿಸಿದ್ದರು. ಅಪ್ಪ, ತಮ್ಮ, ಮಾವ ಎಲ್ಲರೂ ಕನ್ನಡದ ಕೆಲಸಕ್ಕೆ ಕೈ ಹಾಕಿದವರೇ. ಇಂಥ ತುಂಬು ಸಂಸಾರದ ನಡುವೆಯೇ ಶಾಸನದ ಕೆಲಸವೂ ನಡೆಯಿತು ನೋಡಿ.

ಮುಖ್ಯ ವಿಷಯ ಏನಂದ್ರೆ, ರೈಸ್ ಮೊದಲಿಗೆ ಶಾಸನತಜ್ಞರಲ್ಲ, ಮೇಷ್ಟ್ರು. ಆಮೇಲೆ ಶಾಲಾ ಇನ್‌ಸ್ಪೆಕ್ಟರ್, ವಿದ್ಯಾ ಇಲಾಖೆಯ ನಿರ್ದೇಶಕರು. ಮೇಜರ್ ಡಿಕ್ಸನ್ ತೆಗೆದಿದ್ದ ಶಾಸನಗಳ ಫೋಟೋಗಳನ್ನು ಓದಿ ಅನುವಾದಿಸುವ ಕೆಲಸ ಬಂತು. ಅದು 1879ರಲ್ಲಿ ಪುಸ್ತಕವಾಯಿತು. ಮುಂದೆ 'ಎಪಿಗ್ರಾಫಿಯಾ ಕರ್ನಾಟಿಕಾ'ದ 12 ಸಂಪುಟ, ಸುಮಾರು 9000 ಶಾಸನ! ಪ್ರತಿಯೊಂದಕ್ಕೂ ತಾಲ್ಲೂಕುವಾರು ಸಂಖ್ಯೆ, ಮೂಲಪಾಠ, ರೋಮನ್ ಲಿಪ್ಯಂತರ, ಇಂಗ್ಲಿಷ್ ಅನುವಾದ. ನಾನು ಎಂಜಿನಿಯರ್ ಆದ್ದರಿಂದ ಈ ಶಿಸ್ತಿಗೇ ಮೊದಲು ಕೈ ಮುಗಿಯುತ್ತೇನೆ. ಯಾರು ಬೇಕಾದರೂ ಪುಸ್ತಕ ಹಿಡಿದು ಊರಿಗೆ ಹೋಗಿ ತಾಳೆ ನೋಡಬಹುದು.

ನಮ್ಮ ಜಿಲ್ಲೆಗೆ ಅವರು ಕೊಟ್ಟದ್ದು ಎರಡು. ಒಂದು, 1903ರ 11ನೇ ಸಂಪುಟ. ಇನ್ನೊಂದು ಅದಕ್ಕೂ ಹಿಂದಿನದು: 1892ರಲ್ಲಿ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲಿ ಅಶೋಕನ ಶಾಸನಗಳನ್ನು ಪತ್ತೆ ಹಚ್ಚಿದರು. ಮೌರ್ಯರ ಆಡಳಿತ ಇಲ್ಲಿಯವರೆಗೂ ಇತ್ತು ಅನ್ನೋದಕ್ಕೆ ಕಲ್ಲಿನ ಸಾಕ್ಷಿ ಸಿಕ್ಕಿತು. ಬ್ರಾಹ್ಮಿ ಲಿಪಿಯ ಆ ಶಾಸನದ ಕೊನೆಯಲ್ಲಿ ಲಿಪಿಕಾರ ಚಪಡ ತನ್ನ ವೃತ್ತಿಯನ್ನು ಮಾತ್ರ ಖರೋಷ್ಠಿಯಲ್ಲಿ, ಅಂದರೆ ವಾಯವ್ಯ ಭಾರತದಲ್ಲಿ ಬಳಕೆಯಲ್ಲಿದ್ದ ಲಿಪಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಎಲ್ಲಿಯ ವಾಯವ್ಯ, ಎಲ್ಲಿಯ ಮೊಳಕಾಲ್ಮೂರು!

ರೈಸ್ 1906ರಲ್ಲಿ ನಿವೃತ್ತರಾಗಿ ಇಂಗ್ಲೆಂಡಿಗೆ ಹೋದರು. ಅಲ್ಲೂ ಸುಮ್ಮನೆ ಕೂರಲಿಲ್ಲ. 1909ರಲ್ಲಿ ಶಾಸನಗಳ ಆಧಾರದ ಮೇಲೆ ಮೈಸೂರು-ಕೊಡಗಿನ ಇತಿಹಾಸ ಹೊರತಂದರು. 1927ರಲ್ಲಿ ಹ್ಯಾರೋದಲ್ಲಿ ತೀರಿಕೊಂಡರು.

ಇವತ್ತು ಆ ಸಂಪುಟ ಹಿಡಿದು ಹಳ್ಳಿಗೆ ಹೋದರೆ ಎಲ್ಲ ಕಲ್ಲೂ ಸಿಗುವುದಿಲ್ಲ. ಕೆಲವು ರಸ್ತೆಯಡಿ ಸೇರಿವೆ, ಕೆಲವು ಗುಡಿಯ ಹೊಸ ಗೋಡೆಯೊಳಗೆ ಮುಚ್ಚಿಹೋಗಿವೆ, ಕೆಲವಕ್ಕೆ ಎಣ್ಣೆ-ಬಣ್ಣ ಬಳಿದು ಅಕ್ಷರವೇ ಕಾಣುವುದಿಲ್ಲ. ಕಲ್ಲು ಹೋದ ಕಡೆ ರೈಸ್ ಅಚ್ಚು ಹಾಕಿಸಿದ ಪಾಠವೇ ಉಳಿದ ಏಕೈಕ ದಾಖಲೆ. ಅವರ ಕಣ್ಣಿಗೆ ಬೀಳದ ಕಲ್ಲು ಹೋದರೆ? ಅದಕ್ಕೆ ಆ ಆಸರೆಯೂ ಇಲ್ಲ.

ಹಾಗಾಗಿ ಓದುಗರಲ್ಲಿ ಒಂದು ಕೋರಿಕೆ. ನಿಮ್ಮೂರಿನ ಶಾಸನದ ಸಂಖ್ಯೆ ಹುಡುಕಿ, ಕಲ್ಲು ಈಗ ಎಲ್ಲಿದೆ ಎಂದು ಗುರುತಿಸಿ. ಬೆಳಗಿನ ಓರೆ ಬಿಸಿಲಲ್ಲಿ ಫೋಟೋ ತೆಗೆಯಿರಿ. ಅಕ್ಷರದ ಗೀರು ನೆರಳಿನಲ್ಲಿ ಎದ್ದು ಕಾಣುತ್ತದೆ. ಸೀಮೆಸುಣ್ಣ, ಸುತ್ತಿಗೆ, ಆಸಿಡ್ ಹತ್ತಿರ ತರಬೇಡಿ. ಬ್ರಹ್ಮಗಿರಿಯ ಶಾಸನ ತಂದೆತಾಯಿಯರ ಮಾತು ಕೇಳಿ, ಗುರುಗಳನ್ನು ಗೌರವಿಸಿ, ಸತ್ಯ ನುಡಿಯಿರಿ ಅನ್ನುತ್ತದೆ. ಹೋಗುವಾಗ ಮನೆಯ ಮಕ್ಕಳನ್ನೂ ಕರೆದುಕೊಂಡು ಹೋಗಿ, ಅವರಿಂದಲೇ ಒಂದೊಂದು ಅಕ್ಷರ ಓದಿಸಿ.