ಭರಣಿಯ ಉಪ್ಪು, ಬಾಟಲಿಯ ಅಂಕಿ

ಮೆಣಸಿನಕಾಯಿ ಕೆಡದಂತೆ ಇಡಲು ಇರುವ ಹಳೆಯ ಉಪಾಯ ಅದರ ನೀರು ತೆಗೆಯುವುದು. ಬ್ಯಾಡಗಿ ಸೀಮೆಯ ಕಣಗಳಲ್ಲಿ ಬಿಸಿಲಿಗೆ ಹರಡಿದ ಕಾಯಿ ಚೆನ್ನಾಗಿ ಒಣಗಿದರೆ ವರ್ಷವಿಡೀ ಉಳಿಯುತ್ತದೆ. ತೇವ ಉಳಿದರೆ ಗೋಣಿಚೀಲದೊಳಗೇ ಬೂಷ್ಟು ಹಿಡಿಯುತ್ತದೆ. ಹಾವೇರಿ, ರಾಣೆಬೆನ್ನೂರು ಕಡೆಯ ಮನೆಗಳಲ್ಲಿ ಹಸಿ ಹಣ್ಣುಮೆಣಸಿನಕಾಯಿಯನ್ನೇ ರುಬ್ಬಿ ಮಾಡುವ ರಂಜಕಕ್ಕೆ ಬಿಸಿಲಿನ ಈ ರಕ್ಷಣೆ ಇಲ್ಲ. ಅದನ್ನು ಕಾಯುವುದು ಉಪ್ಪು ಮತ್ತು ನಿಂಬೆಯ ಹುಳಿ. ಜೊತೆಗೊಂದು ಕಟ್ಟಪ್ಪಣೆ: ಭರಣಿಗೆ ಒದ್ದೆ ಚಮಚ ಹಾಕಬೇಡ.

ನಮ್ಮ ಕಾನೂನಿಗೂ ಈ ಭರಣಿಯ ಪರಿಚಯವಿದೆ. 1954ರ ಆಹಾರ ಕಲಬೆರಕೆ ತಡೆ ಕಾಯ್ದೆಯಡಿ ಬಂದ ನಿಯಮಗಳು ಸಂರಕ್ಷಕಗಳನ್ನು ಎರಡು ವರ್ಗಗಳಾಗಿ ವಿಂಗಡಿಸಿದವು. ಮೊದಲ ವರ್ಗದಲ್ಲಿ ಉಪ್ಪು, ಸಕ್ಕರೆ, ಮಸಾಲೆ ಪದಾರ್ಥ, ವಿನೆಗರ್, ಜೇನುತುಪ್ಪ, ಖಾದ್ಯ ಎಣ್ಣೆ ಇದ್ದವು. ಇವುಗಳ ಬಳಕೆಗೆ ಸಾಮಾನ್ಯವಾಗಿ ಮಿತಿಯಿರಲಿಲ್ಲ. ಎರಡನೆಯ ವರ್ಗದವನ್ನು ಅಳೆದೇ ಹಾಕಬೇಕಿತ್ತು. ಬೆಂಜೋಯಿಕ್ ಆಮ್ಲ, ಸೋರ್ಬಿಕ್ ಆಮ್ಲಗಳ ಜೊತೆ ಆ ಪಟ್ಟಿಯಲ್ಲಿ ಇನ್ನೊಂದು ಉದ್ದನೆಯ ಹೆಸರಿತ್ತು: ಮೀಥೈಲ್ ಅಥವಾ ಪ್ರೊಪೈಲ್ ಪ್ಯಾರಾ-ಹೈಡ್ರಾಕ್ಸಿ ಬೆಂಜೋಯೇಟ್. ಬಳಕೆಯ ಮಾತಿನಲ್ಲಿ ಪ್ಯಾರಾಬೆನ್.

ಇದನ್ನು ಸಂರಕ್ಷಕವಾಗಿ ಮುಂದಿಟ್ಟವರು 1920ರ ದಶಕದ ಜರ್ಮನಿಯ ಥಿಯೋಡರ್ ಸಬಾಲಿಟ್ಷ್ಕ. ಆಗ ಬಳಕೆಯಲ್ಲಿದ್ದ ಬೆಂಜೋಯಿಕ್ ಆಮ್ಲಕ್ಕೆ ಒಂದು ಕೊರತೆಯಿತ್ತು: ಹುಳಿಯಿರುವ ಆಹಾರದಲ್ಲಷ್ಟೇ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಪ್ಯಾರಾಬೆನ್‌ಗೆ ಹುಳಿಯ ಹಂಗಿಲ್ಲ. ಅದು ಬೂಷ್ಟು ಮತ್ತು ಯೀಸ್ಟನ್ನು ತಡೆಯುತ್ತದೆ. ಬಣ್ಣವಿಲ್ಲ, ವಾಸನೆಯೂ ಇಲ್ಲವೆನ್ನುವಷ್ಟು ಕಡಿಮೆ. ಔಷಧ, ಸೌಂದರ್ಯವರ್ಧಕ, ಆಹಾರ ಮೂರಕ್ಕೂ ಅದು ಹೊಕ್ಕಿತು. ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಈ ಕುಟುಂಬದ ಈಥೈಲ್‌ಗೆ 214, ಪ್ರೊಪೈಲ್‌ಗೆ 216, ಮೀಥೈಲ್‌ಗೆ 218 ಎಂಬ ಅಂಕಿಗಳಿವೆ. ನೀರಿನಲ್ಲಿ ಸುಲಭವಾಗಿ ಕರಗಲೆಂದು ಮಾಡಿದ ಸೋಡಿಯಂ ಲವಣಗಳಿಗೆ 215, 217, 219.

ಒಂದೇ ಕುಟುಂಬವಾದರೂ ಗತಿ ಒಂದೇ ಆಗಲಿಲ್ಲ. 2004ರಲ್ಲಿ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಮೀಥೈಲ್ ಮತ್ತು ಈಥೈಲ್‌ಗಳನ್ನು ಒಟ್ಟಾಗಿ, ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 10 ಮಿಲಿಗ್ರಾಂವರೆಗೆ ಒಪ್ಪಬಹುದೆಂದಿತು. ಪ್ರೊಪೈಲ್‌ಗೆ ಅಂಥ ಮಿತಿಯನ್ನು ಕೊಡಲು ನಿರಾಕರಿಸಿತು. ಎಳೆಯ ಗಂಡು ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಹಾರ್ಮೋನು ಮತ್ತು ಸಂತಾನ ಅಂಗಗಳ ಮೇಲೆ ಪರಿಣಾಮ ಕಂಡದ್ದೇ ಕಾರಣ. 2006ರಲ್ಲಿ ಯುರೋಪ್ 216, 217ನ್ನು ಆಹಾರದ ಪಟ್ಟಿಯಿಂದ ತೆಗೆದುಹಾಕಿತು. ಕ್ಯಾಲಿಫೋರ್ನಿಯಾ 2023ರಲ್ಲಿ ಮಾಡಿದ ಕಾಯ್ದೆಯ ಪ್ರಕಾರ ಅಲ್ಲಿ ಪ್ರೊಪೈಲ್ ಪ್ಯಾರಾಬೆನ್ ನಿಷೇಧ 2027ರ ಜನವರಿ 1ರಿಂದ.

ನಮ್ಮಲ್ಲಿ? 2011ರ ಫೆಬ್ರವರಿಯಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಅದೇ ವರ್ಷ ಆಗಸ್ಟ್ 5ರಂದು ಹೊಸ ಆಹಾರ ಸುರಕ್ಷತಾ ನಿಯಮಗಳು ಜಾರಿಗೆ ಬಂದವು. ಹಳೆಯ ಎರಡು ಪಟ್ಟಿಗಳು ಅವುಗಳಲ್ಲಿ ಹಾಗೆಯೇ ಮುಂದುವರಿದವು. ಯುರೋಪ್ ಐದು ವರ್ಷ ಮೊದಲೇ ಕೈಬಿಟ್ಟಿದ್ದ ಪ್ರೊಪೈಲ್ ಕೂಡ ಇತ್ತು. ಮೆಣಸಿನಕಾಯಿ ಯಾವ ಮಣ್ಣಿನದೆಂದು ಅಷ್ಟು ಜತನದಿಂದ ಗುರುತಿಸಿದ ವರ್ಷದಲ್ಲೇ, ಅದೇ ಕಾಯಿಯ ಸಾಸಿಗೆ ಏನು ಬೆರೆಸಬಹುದೆಂಬ ಪಟ್ಟಿ ಹಳೆಯದೇ ಆಗಿತ್ತು.

ಹಾಗೆಂದು ಸಂರಕ್ಷಕವೆಂದರೆ ವಿಷ ಎಂದುಬಿಡುವುದೂ ಸರಿಯಲ್ಲ. 1960ರಲ್ಲಿ ಇಂಗ್ಲೆಂಡಿನಲ್ಲಿ ಸುಮಾರು ಒಂದು ಲಕ್ಷ ಟರ್ಕಿ ಕೋಳಿಗಳು ಸತ್ತದ್ದು ಬೂಷ್ಟು ಹಿಡಿದ ಶೇಂಗಾ ಹಿಂಡಿ ತಿಂದು. ಅದರ ಬೆನ್ನು ಹತ್ತಿ ಹೋದಾಗ ಸಿಕ್ಕ ವಿಷವೇ ಅಫ್ಲಾಟಾಕ್ಸಿನ್. ಸರಿಯಾಗಿ ಒಣಗದ ಮೆಣಸಿನಕಾಯಿಯಲ್ಲೂ ಅದು ಹುಟ್ಟಬಲ್ಲದು. ಬೂಷ್ಟೂ ನಿಸರ್ಗದ್ದೇ ತಾನೆ?

ಆದ್ದರಿಂದ ಕೇಳಬೇಕಾದದ್ದು ನೈಸರ್ಗಿಕವೋ ರಾಸಾಯನಿಕವೋ ಎಂಬುದನ್ನಲ್ಲ. ಎಷ್ಟು ಹಾಕಿದ್ದಾರೆ, ಯಾವ ವರ್ಷದ ತಿಳಿವಳಿಕೆಯ ಮೇಲೆ ಒಪ್ಪಿದ್ದಾರೆ, ತಿನ್ನುವವರಿಗೆ ಅದು ಗೊತ್ತಾಗುತ್ತದೆಯೇ ಎಂಬುದನ್ನು. ರಂಜಕದ ಭರಣಿಗೆ ಉಪ್ಪು ಹಾಕಿದ ಕೈ ಮನೆಯದೇ. ಹೆಚ್ಚಾದರೆ ಊಟಕ್ಕೆ ಕೂತವರು ಅಲ್ಲೇ ಹೇಳುತ್ತಾರೆ. ರಾಣೆಬೆನ್ನೂರಿನ ಅಂಗಡಿಯ ಬಾಟಲಿಗೆ ಹಾಕಿದ ಕೈ ಕಾಣುವುದಿಲ್ಲ, ನಾಲಿಗೆಗೆ ಪ್ಯಾರಾಬೆನ್ ಸಿಗುವುದೂ ಇಲ್ಲ. ಕೊಳ್ಳುವವರಿಗೆ ಉಳಿಯುವ ಸಾಕ್ಷಿ ಲೇಬಲಿನ ಆ ಪುಟ್ಟ ಅಂಕಿಯೊಂದೇ. 216 ಮತ್ತು 218ರ ನಡುವಿನ ವ್ಯತ್ಯಾಸ ಗೊತ್ತಿರುವವರಿಗೆ ಮಾತ್ರ ಆ ಸಾಕ್ಷಿ ಮಾತಾಡುತ್ತದೆ.