ದಶಮಾಂಶ

ಶಾಲೆಯ ಗಣಿತದಲ್ಲಿ ದಶಮಾಂಶವೆಂದರೆ ಬಿಂದುವಿನ ಬಲಕ್ಕಿರುವ ಭಾಗ. ಕನ್ನಡ ಕ್ರೈಸ್ತರ ಮಾತಿನಲ್ಲಿ ದುಡಿಮೆಯ ಹತ್ತನೇ ಒಂದು ಪಾಲು, ದೇವರಿಗೆ ಮೀಸಲು. ಸಂಸ್ಕೃತದ ‘ದಶಮ’, ‘ಅಂಶ’ ಸೇರಿ ಆದ ಪದ. ಹೀಬ್ರೂವಿನ ‘ಮಅಸೇರ್’ ಕೂಡ ಹತ್ತೆಂಬ ಸಂಖ್ಯೆಯಿಂದಲೇ ಹುಟ್ಟಿದ್ದು.

ಅಬ್ರಾಮನು ಯಾಜಕ ಮೆಲ್ಕೀಚೆದೆಕನಿಗೆ ಹತ್ತನೇ ಪಾಲು ಕೊಟ್ಟ ಕಥೆ ಬೈಬಲಿನ ಆದಿಕಾಂಡದ 14ನೇ ಅಧ್ಯಾಯದಲ್ಲಿದೆ. ನನ್ನ ಮನಸ್ಸು ನಿಲ್ಲುವುದು ಧರ್ಮೋಪದೇಶಕಾಂಡದ ಕಟ್ಟಳೆಯ ಮೇಲೆ: ಮೂರು ವರ್ಷಕ್ಕೊಮ್ಮೆ ಆ ಪಾಲನ್ನು ಊರಲ್ಲೇ ಕೂಡಿಡಬೇಕು, ಸ್ವಂತ ಭೂಮಿಯಿಲ್ಲದ ಲೇವಿ ಕುಲದವರು, ಪರದೇಶಿಗಳು, ತಬ್ಬಲಿಗಳು, ವಿಧವೆಯರು ಬಂದು ಹೊಟ್ಟೆತುಂಬ ಉಣ್ಣಬೇಕು. ಎಂಥ ಉದಾರ ಏರ್ಪಾಡು! ಆದರೆ ಮುಂದೆ ಯುರೋಪಿನಲ್ಲಿ ಇದೇ ಪಾಲು ಕಡ್ಡಾಯ ತೆರಿಗೆಯಾಗಿ ರೈತರನ್ನು ಹಿಂಡಿತು. ಫ್ರಾನ್ಸ್ 1789ರಲ್ಲಿ ಅದನ್ನು ರದ್ದುಮಾಡಿತು.

ಬೈಬಲಿನಲ್ಲೇ ಅಪೊಸ್ತಲ ಪೌಲನಾದರೋ ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ ಇಂತಿಷ್ಟೆಂದು ಗೊತ್ತುಮಾಡದೆ, ಒತ್ತಾಯವಿಲ್ಲದೆ ಸಂತೋಷದಿಂದ ಕೊಡಿ ಎನ್ನುತ್ತಾನೆ. ಆದರೂ ಹಲವು ಕ್ರೈಸ್ತ ಸಭೆಗಳು ಇಂದಿಗೂ ಹತ್ತರ ಲೆಕ್ಕವನ್ನೇ ಪಾಲಿಸುತ್ತವೆ.