ವಿಹಾರ ದೋಣಿ ದುರಂತಗಳು: ವಾಲಿಕೆಯ ಲೆಕ್ಕ ಮತ್ತು ಹೊಣೆಯ ಪ್ರಶ್ನೆ

2009ರ ಸೆಪ್ಟೆಂಬರ್ 30ರಂದು ತೇಕ್ಕಡಿಯ ಪೆರಿಯಾರ್ ಜಲಾಶಯದಲ್ಲಿ ಕೇರಳ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ‘ಜಲಕನ್ಯಕ’ ದೋಣಿ ಮಗುಚಿ 45 ಮಂದಿ ಸತ್ತರು. ದಡದಲ್ಲಿ ಕಾಡುಪ್ರಾಣಿಗಳು ಕಂಡಾಗ ಪ್ರಯಾಣಿಕರು ಒಂದೇ ಬದಿಗೆ ನುಗ್ಗಿದರು, ದೋಣಿ ವಾಲಿತು ಎಂಬ ವಿವರಣೆ ಕೂಡಲೇ ಹಬ್ಬಿತು. ವಿವರಣೆಯಾಗಿ ಅದು ಸುಳ್ಳಲ್ಲ. ಆದರೆ ಅದನ್ನೇ ಕಾರಣವೆಂದು ಒಪ್ಪಿಕೊಂಡರೆ ಹೊಣೆ ಸತ್ತವರ ಹೆಗಲಿಗೇ ಬೀಳುತ್ತದೆ. ಪ್ರಾಣಿ ತೋರಿಸುತ್ತೇವೆಂದು ಟಿಕೆಟ್ ಮಾರಿದ ದೋಣಿಯಲ್ಲಿ ಜನ ಪ್ರಾಣಿ ಕಂಡತ್ತ ಹೋಗುವುದು ಊಹೆಗೆ ಮೀರಿದ ಸಂಗತಿಯೇ?

ನೌಕಾ ವಿನ್ಯಾಸಶಾಸ್ತ್ರ ಈ ಪ್ರಶ್ನೆಗೆ ಎಂದೋ ಉತ್ತರ ಕೊಟ್ಟಿದೆ. ಅಂತರರಾಷ್ಟ್ರೀಯ ಕಡಲ ಸಂಸ್ಥೆಯ 2008ರ ಸ್ಥಿರತಾ ಸಂಹಿತೆಯ ಪ್ರಕಾರ, ಪ್ರಯಾಣಿಕರೆಲ್ಲ ಒಂದು ಬದಿಯಲ್ಲಿ ಗುಂಪುಗೂಡಿದರೂ ಹಡಗು 10 ಡಿಗ್ರಿಗಿಂತ ಹೆಚ್ಚು ವಾಲಕೂಡದು. ಲೆಕ್ಕಕ್ಕೆ ತಲಾ 75 ಕಿಲೋ ತೂಕ ಹಿಡಿಯಬೇಕು. ನಿಂತವರ ಗುರುತ್ವ ಕೇಂದ್ರ ಡೆಕ್ಕಿನಿಂದ ಒಂದು ಮೀಟರ್ ಮೇಲಿದೆ ಎಂದು ಎಣಿಸಬೇಕು. ಈ ಸಂಹಿತೆ ದೊಡ್ಡ ಹಡಗುಗಳಿಗಾಗಿ ಬರೆದದ್ದು, ಕೆರೆಯ ದೋಣಿಗಳನ್ನು ಅದು ಕಟ್ಟಿಹಾಕುವುದಿಲ್ಲ. ಆದರೂ ಲೆಕ್ಕದ ತರ್ಕ ಎರಡಕ್ಕೂ ಒಂದೇ. ನಲವತ್ತು ಮಂದಿ ಒಂದೂವರೆ ಮೀಟರ್ ಪಕ್ಕಕ್ಕೆ ಸರಿದರೆ ಮೂರು ಟನ್ ಭಾರ ಸ್ಥಳಾಂತರವಾಗಿ, ವಾಲಿಸುವ ತಿರುಗುಬಲ ನಾಲ್ಕೂವರೆ ಟನ್-ಮೀಟರ್ ಆಗುತ್ತದೆ. ಅವರು ಮೇಲಂತಸ್ತಿನಲ್ಲಿದ್ದರೆ ಇಡೀ ದೋಣಿಯ ಗುರುತ್ವ ಕೇಂದ್ರವೂ ಮೇಲೇರಿ, ನೆಟ್ಟಗೆ ಮರಳುವ ಶಕ್ತಿ ಅಷ್ಟರಮಟ್ಟಿಗೆ ಕುಗ್ಗುತ್ತದೆ. ತಳದಲ್ಲಿ ನೀರು ಸೇರಿದ್ದರಂತೂ ಆ ನೀರೂ ವಾಲಿದ ಕಡೆಗೇ ಓಡುತ್ತದೆ. ಎರಡಂತಸ್ತಿನ ದೋಣಿ ಕಟ್ಟುವವರು ಮೊದಲು ಹಾಕಬೇಕಾದ ಲೆಕ್ಕವಿದು. ಹಾಕದಿದ್ದರೆ ತಪ್ಪು ಪ್ರಯಾಣಿಕರದಲ್ಲ.

2023ರ ಮೇ 7ರಂದು ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ 22 ಜನರನ್ನು ಬಲಿ ತೆಗೆದುಕೊಂಡದ್ದು ಮೀನುಗಾರಿಕೆಯ ದೋಣಿಯನ್ನು ಮಾರ್ಪಡಿಸಿ ಮಾಡಿದ ವಿಹಾರ ದೋಣಿ. ಮೀನಿನ ಭಾರ ತಳದಲ್ಲಿ ಕೂರುತ್ತದೆ, ಪ್ರವಾಸಿಗರು ಮೇಲೆ ನಿಲ್ಲುತ್ತಾರೆ. ನಮ್ಮ ಕಾರವಾರದಲ್ಲಿ 2019ರ ಜನವರಿ 21ರಂದು ಕೂರ್ಮಗಡದ ನರಸಿಂಹ ಜಾತ್ರೆಯ ದೋಣಿ ಮಗುಚಿ 16 ಮಂದಿ ಮುಳುಗಿದರು. ವಡೋದರಾದ ಹರ್ಣಿ ಕೆರೆಯಲ್ಲಿ 2024ರ ಜನವರಿ 18ರಂದು ಶಾಲಾ ಪ್ರವಾಸದ 12 ಮಕ್ಕಳು, ಇಬ್ಬರು ಶಿಕ್ಷಕಿಯರು ತೀರಿಕೊಂಡರು. ಇಂಥ ಪ್ರತಿ ಘಟನೆಯ ನಂತರವೂ ಚರ್ಚೆ ಲೈಫ್ ಜಾಕೆಟ್‌ನತ್ತ ತಿರುಗುತ್ತದೆ. ತೆರೆದ ದೋಣಿಯಲ್ಲಿ ಜಾಕೆಟ್ ಜೀವ ಉಳಿಸುತ್ತದೆ, ನಿಜ. ಮುಚ್ಚಿದ ಕ್ಯಾಬಿನ್ ಬೋರಲಾದಾಗ ಮಾತ್ರ ಅದೇ ಜಾಕೆಟ್ ಒಳಗಿರುವವರನ್ನು ಮೇಲಕ್ಕೆತ್ತಿ ಹಿಡಿದು, ಹೊರಬರದಂತೆ ತಡೆಯಬಲ್ಲದು.

ಕಾನೂನಿನ ಕೊರತೆ ನಾವು ಭಾವಿಸುವಷ್ಟಿಲ್ಲ. 1917ರ ಕಾಯ್ದೆಯ ಜಾಗಕ್ಕೆ ಬಂದ 2021ರ ಒಳನಾಡು ಹಡಗುಗಳ ಕಾಯ್ದೆ ಯಂತ್ರಚಾಲಿತ ದೋಣಿಗಳಿಗೆ ಸರ್ವೆ, ನೋಂದಣಿ, ವಿಮೆಗಳನ್ನು ವಿಧಿಸುತ್ತದೆ. ದುರಂತವಾದ ಮೇಲೆ ಪೊಲೀಸರು ಹಿಡಿಯಬಹುದಾದದ್ದು ನಿರ್ಲಕ್ಷ್ಯದಿಂದ ಸಾವು ಎಂಬ ಕಲಂ (ಈಗ ಭಾರತೀಯ ನ್ಯಾಯ ಸಂಹಿತೆಯ 106). ಅದಕ್ಕೆ ಹೆಣ ಬೀಳಲೇಬೇಕು. 284ನೇ ಕಲಮಿಗೆ ಬೀಳಬೇಕಿಲ್ಲ: ಜೀವಕ್ಕೆ ಅಪಾಯವಾಗುವ ಸ್ಥಿತಿಯ ಅಥವಾ ಅಷ್ಟು ಭಾರ ಹೇರಿದ ದೋಣಿಯಲ್ಲಿ ಬಾಡಿಗೆಗೆ ಜನರನ್ನು ಸಾಗಿಸುವುದೇ ಅಪರಾಧ. ತಾನೇ ಸಾಗಿಸಿದವನಷ್ಟೇ ಅಲ್ಲ, ಸಾಗಿಸಲು ಹಚ್ಚಿದವನೂ ಅದರ ವ್ಯಾಪ್ತಿಗೆ ಬರುತ್ತಾನೆ. ಅಂದರೆ ದೋಣಿ ನಡೆಸುವವನ ಜೊತೆಗೆ ಮಾಲೀಕ, ಗುತ್ತಿಗೆದಾರರನ್ನೂ ಜೆಟ್ಟಿಯಲ್ಲೇ ತಡೆದು ನಿಲ್ಲಿಸಬಹುದು. ಶಿಕ್ಷೆ ಗರಿಷ್ಠ ಆರು ತಿಂಗಳು. ಹಾಗಾಗಿಯೇ ಇರಬೇಕು, ಈ ಕಲಮನ್ನು ಯಾರೂ ಗಂಭೀರವಾಗಿ ತೆಗೆದುಕೊಂಡಂತಿಲ್ಲ.

ಪರವಾನಗಿ ಕೊಟ್ಟವರ ಹೊಣೆಯ ವಿಷಯ ಇನ್ನೂ ಜಟಿಲ. ದೆಹಲಿಯ ಉಪಹಾರ್ ಚಿತ್ರಮಂದಿರದ ಅಗ್ನಿದುರಂತದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2011ರಲ್ಲಿ ಚಿತ್ರಮಂದಿರದ ಮಾಲೀಕರನ್ನೂ ವಿದ್ಯುತ್ ಮಂಡಳಿಯನ್ನೂ ಹೊಣೆಯಾಗಿಸಿ, ಪರವಾನಗಿ ಪ್ರಾಧಿಕಾರವನ್ನೂ ಮಹಾನಗರಪಾಲಿಕೆಯನ್ನೂ ಪರಿಹಾರದ ಭಾರದಿಂದ ಬಿಡಿಸಿತು. ಆ ತರ್ಕವನ್ನು ದೋಣಿಗಳಿಗೆ ಹಾಗೆಯೇ ಅನ್ವಯಿಸುವುದು ಸರಿಯಲ್ಲವೆಂದು ನನ್ನ ವಾದ. ಸರ್ವೆಯರ್ ಸಹಿ ಹಾಕುವುದು ಸ್ಥಿರತೆ ಪರೀಕ್ಷಿಸಿದ್ದೇನೆ ಎಂಬ ನಿರ್ದಿಷ್ಟ ಸಂಗತಿಗೆ. ಆ ಪರೀಕ್ಷೆ ನಡೆದೇ ಇಲ್ಲವಾದರೆ ಅದನ್ನು ಮೇಲ್ವಿಚಾರಣೆಯ ಲೋಪವೆನ್ನಲಾಗದು, ಅದು ಸುಳ್ಳು ಪ್ರಮಾಣ. ತನಿಖಾಧಿಕಾರಿಗಳು ದೋಣಿ ನಡೆಸಿದವನ ಹೇಳಿಕೆ ಪಡೆಯುವ ಮೊದಲು ಸ್ಥಿರತಾ ಪರೀಕ್ಷೆಯ ಕಡತವನ್ನು ವಶಪಡಿಸಿಕೊಳ್ಳಲಿ. ಕಡತವೇ ಇಲ್ಲದಿದ್ದರೆ ಸಹಿ ಹಾಕಿದವರನ್ನೂ ಆರೋಪಿಯಾಗಿಸಲಿ.